ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಲೆಯ ಕಣ್ಣು ಮತ್ತು ಕಡಲ ಪ್ಲವಕ

ಪ್ರಶ್ನೆ: ಎರಡು ತಂಡಗಳಾಗಿ ಒಂದೇ ದಿನ, ಒಂದೇ ಜಾಗದಲ್ಲಿ ಪ್ಲವಕ (ನೀರಿನಲ್ಲಿ ತೇಲಾಡುವ ಸಣ್ಣ ಜೀವಿಗಳು) ಸಂಗ್ರಹಿಸಿದೆವು. ಒಂದು ಪಟ್ಟಿಯಲ್ಲಿ ಕೋಪೆಪಾಡ್‌ಗಳೇ (ಸೀಗಡಿಯ ಬಳಗದ ಪುಟ್ಟ ಪ್ರಾಣಿಗಳು) ತುಂಬಿವೆ, ಇನ್ನೊಂದರಲ್ಲಿ ಬರೀ ಡಯಾಟಮ್ (ಸಿಲಿಕಾ ಕವಚದ ಏಕಕೋಶ ಪಾಚಿ). ಯಾವುದನ್ನು ನಂಬಬೇಕು?

ಉತ್ತರ: ಬಲೆಯ ಕಣ್ಣಿನ ಅಳತೆ ಬರೆದಿಟ್ಟಿದ್ದರೆ ಎರಡನ್ನೂ ನಂಬಬಹುದು. 200 ಮೈಕ್ರೊಮೀಟರ್ ಕಣ್ಣಿನ ಬಲೆ ದೊಡ್ಡ ಕೋಪೆಪಾಡ್, ಏಡಿಯ ಲಾರ್ವಾ, ಬಾಣಹುಳುಗಳನ್ನು ಹಿಡಿಯುತ್ತದೆ. 20 ಮೈಕ್ರೊಮೀಟರ್‌ನದು ಡಯಾಟಮ್, ಡೈನೋಫ್ಲಾಜೆಲೇಟ್‌ಗಳನ್ನು (ಚಾಟಿಯಂಥ ಎಳೆಗಳಿಂದ ಈಜುವ ಏಕಕೋಶ ಜೀವಿಗಳು) ಹಿಡಿಯುತ್ತದೆ. ಕರಾವಳಿಯಲ್ಲಿ ಹೇರಳವಾಗಿರುವ ಓಯ್ಥೋನಾದಂಥ ಸಣ್ಣ ಕೋಪೆಪಾಡ್‌ಗಳೂ ಅವುಗಳ ಮರಿಗಳೂ 200ರ ಬಲೆಯಿಂದ ನುಸುಳಿಹೋಗುತ್ತವೆ. ಅವು ಬೇಕಿದ್ದರೆ 100 ಅಥವಾ ಅದಕ್ಕೂ ಸಣ್ಣ ಕಣ್ಣು ಬೇಕು. ತೀರಾ ಸೂಕ್ಷ್ಮ ಸಸ್ಯಪ್ಲವಕಗಳಿಗೆ ಬಲೆಯನ್ನೇ ಬಿಟ್ಟು ಬಾಟಲಿಯಲ್ಲಿ ನೀರು ತುಂಬಿಕೊಳ್ಳಬೇಕು.

ಇನ್ನು ಪ್ರಮಾಣದ ಮಾತು. ಬಲೆಯ ಬಾಯಿಯ ವ್ಯಾಸ 50 ಸೆಂ.ಮೀ. ಇದ್ದರೆ ವಿಸ್ತೀರ್ಣ 0.196 ಚದರ ಮೀಟರ್. 100 ಮೀಟರ್ ಎಳೆದರೆ ಸುಮಾರು 20 ಘನ ಮೀಟರ್ ನೀರು ಸೋಸಿದಂತೆ. ಮಾದರಿಯನ್ನು 200 ಮಿ.ಲೀ.ಗೆ ತಂದು, ಚೆನ್ನಾಗಿ ಕಲಕಿ 1 ಮಿ.ಲೀ. ತೆಗೆದಾಗ 120 ಕೋಪೆಪಾಡ್ ಸಿಕ್ಕರೆ ಒಟ್ಟು 24,000, ಅಂದರೆ ಘನ ಮೀಟರಿಗೆ 1,200. ಒಂದೇ ಸಲ ತೆಗೆದು ಬಿಡಬೇಡಿ, ಮೂರು ಸಲ ತೆಗೆದು ಸರಾಸರಿ ಹಾಕಿ. ವಿರಳವಾದ ದೊಡ್ಡ ಜೀವಿಗಳನ್ನು ಮಾತ್ರ ಮೊದಲೇ ಇಡೀ ಮಾದರಿಯಿಂದ ಎಣಿಸಿ ತೆಗೆದಿಡಿ.

ಈ ಲೆಕ್ಕವನ್ನು ಕೆಡಿಸುವುದು ಕಣ್ಣು ಕಟ್ಟಿಕೊಂಡ ಬಲೆ. ಡಯಾಟಮ್ ಹೆಚ್ಚಿರುವಾಗ ಕೆಲವೇ ನಿಮಿಷಗಳಲ್ಲಿ ಲೋಳೆ ಮೆತ್ತಿಕೊಂಡು, ನೀರು ಒಳಗೆ ಹೋಗದೆ ಬಾಯಿಯ ಪಕ್ಕದಿಂದ ಸರಿದುಹೋಗುತ್ತದೆ. ಹಾಗಾಗಿ ಬಾಯಿಗೆ ಫ್ಲೋಮೀಟರ್ (ಒಳಹೋದ ನೀರಿನ ಹರಿವನ್ನು ಅಳೆಯುವ ಸಾಧನ) ಕಟ್ಟಲೇಬೇಕು. ನಟ್ಟನಡುವೆ ಬೇಡ, ನಡುವಿಗೂ ಅಂಚಿಗೂ ಮಧ್ಯದಲ್ಲಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 3 ನಿಮಿಷ ಎಳೆದರೆ 180 ಮೀಟರ್ ಆಗಬೇಕು. ಫ್ಲೋಮೀಟರ್ 100 ಮೀಟರ್ ಮಾತ್ರ ತೋರಿಸಿದರೆ ಆ ಎಳೆತವನ್ನು ಬಿಟ್ಟುಬಿಡಿ, ಬಲೆಯನ್ನು ಹೊರಗಿನಿಂದ ನೀರು ಚಿಮ್ಮಿಸಿ ತೊಳೆದು, ಅವಧಿ ಇಳಿಸಿ ಮತ್ತೆ ಎಳೆಯಿರಿ.

ಎಳೆದ ಗಂಟೆ, ಆಳ, ಉಬ್ಬರವೋ ಇಳಿತವೋ, ಇವಿಷ್ಟನ್ನೂ ಬರೆದುಕೊಳ್ಳಿ. ಹಗಲು ಕೆಳಗಿರುವ ಎಷ್ಟೋ ಪ್ರಾಣಿಪ್ಲವಕಗಳು ರಾತ್ರಿ ಮೇಲಕ್ಕೆ ಬರುತ್ತವೆ. ಹಗಲಿನ ಮೇಲ್ಪದರದ ಪಟ್ಟಿಯನ್ನು ರಾತ್ರಿಯದರ ಜೊತೆ ಹೋಲಿಸಿ ಹೆಚ್ಚು ಕಡಿಮೆ ಹೇಳಲಾಗದು.

ಪ್ರಶ್ನೆ: ಫಾರ್ಮಲಿನ್‌ನಲ್ಲಿ (ಜೀವಿಗಳನ್ನು ಕೆಡದಂತೆ ಇಡುವ ದ್ರಾವಣ) ಇಟ್ಟ ಮಾದರಿಯಲ್ಲಿ ಬಸವನಹುಳು, ಕಪ್ಪೆಚಿಪ್ಪುಗಳ ಲಾರ್ವಾಗಳ ಚಿಪ್ಪೇ ಮಾಯವಾಗಿದೆ. ಏಕೆ?

ಉತ್ತರ: ಫಾರ್ಮಲಿನ್ ಇಡುತ್ತ ಹೋದಂತೆ ಹುಳಿಯಾಗುತ್ತದೆ, ಸುಣ್ಣದ ಚಿಪ್ಪು ಕರಗುತ್ತದೆ. ಬಳಸುವ ಮುಂಚೆ ಬೋರಾಕ್ಸ್ ಬೆರೆಸಿ, ಪಿಎಚ್ 8ರ ಆಸುಪಾಸಿಗೆ ತನ್ನಿ. ಶೇಖರಿಸಿಟ್ಟ ಮೇಲೂ ಆಗಾಗ ಪರೀಕ್ಷಿಸಿ. ಬಾಟಲಿಯ ಸಾಂದ್ರ ಫಾರ್ಮಲಿನ್ 1 ಪಾಲು, ಮಾದರಿ ಇರುವ ಕಡಲ ನೀರು 9 ಪಾಲು ಎಂಬುದು ರೂಢಿ. ಜೀವಿಗಳು ಡಬ್ಬಿಯ ಕಾಲು ಭಾಗ ಮೀರದಿರಲಿ, ಮೀರಿದರೆ ಕೊಳೆಯುತ್ತವೆ. ಕೆಲಸವನ್ನು ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಿ. ಡಿಎನ್‌ಎ ಪರೀಕ್ಷೆಗೆ ಫಾರ್ಮಲಿನ್ ಬೇಡವೇ ಬೇಡ, 95% ಎಥನಾಲ್ ಹಾಕಿ ಮರುದಿನ ಅದನ್ನು ಬದಲಿಸಿ. ಸಸ್ಯಪ್ಲವಕಕ್ಕೆ ಲುಗೋಲ್ ಅಯೋಡಿನ್ ಸಾಕು, ನೀರು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು. ಆಮ್ಲ ಸೇರಿಸಿದ ಲುಗೋಲ್ ಕೊಕ್ಕೊಲಿತೊಫೋರ್ ಎಂಬ ಸಸ್ಯಪ್ಲವಕಗಳ ಸುಣ್ಣದ ತಟ್ಟೆಗಳನ್ನೂ ಕರಗಿಸುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಅಳಿವೆಯ ಬಳಿ ಸಸ್ಯಪ್ಲವಕದ ಸಂಖ್ಯೆ ಬಹಳ, ಆದರೆ ವೈವಿಧ್ಯ ಸೂಚ್ಯಂಕ (ಪ್ರಭೇದಗಳ ಸಂಖ್ಯೆ, ಹಂಚಿಕೆಗಳನ್ನು ಅಳೆಯುವ ಅಂಕಿ) ಕಡಿಮೆ. ಲೆಕ್ಕ ತಪ್ಪಿದೆಯೇ?

ಉತ್ತರ: ತಪ್ಪಿರಬೇಕಾಗಿಲ್ಲ. ನದಿ ತರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಉಂಡು ಸ್ಕೆಲಿಟೊನೀಮಾದಂಥ ಬೇಗ ಬೆಳೆಯುವ ಒಂದೆರಡು ಡಯಾಟಮ್‌ಗಳು ಉಳಿದವನ್ನು ಹಿಂದೆ ಹಾಕುತ್ತವೆ. ಗಂಟೆಗಂಟೆಗೂ ಏರಿಳಿಯುವ ಲವಣಾಂಶವನ್ನು ಎಲ್ಲ ಪ್ರಭೇದಗಳೂ ತಾಳಿಕೊಳ್ಳುವುದಿಲ್ಲ. ನೀರು ಕೆಸರಾಗಿದ್ದರೆ ಬೆಳಕಿನ ಕೊರತೆಯಿಂದ ಅಳಿವೆಯ ಬಾಯಲ್ಲೇ ಸಂಖ್ಯೆ ಕುಸಿದು, ಕೆಸರು ತಿಳಿಯಾಗುವ ಅಂಚಿನಲ್ಲಿ ಏರುವುದೂ ಉಂಟು. ಆದ್ದರಿಂದ ನಮ್ಮ ಸಲಹೆ: ಕಿಲೋಮೀಟರ್ ಲೆಕ್ಕದಲ್ಲಿ ನಿಲ್ದಾಣಗಳನ್ನು ಗುರುತಿಸುವ ಬದಲು ಲವಣಾಂಶ 5, 10, 15 ಎಂದು ಏರುವ ಕಡೆ ಮಾದರಿ ತೆಗೆಯಿರಿ.

ಎರಡು ಎಚ್ಚರಿಕೆ. ಪ್ಲೂರೊಸಿಗ್ಮಾದಂಥ ತಳದ ಡಯಾಟಮ್‌ಗಳು ಅಲೆಯ ಹೊಡೆತಕ್ಕೆ ಎದ್ದು ಪಟ್ಟಿಗೆ ಸೇರಿಬಿಡುತ್ತವೆ, ಅವನ್ನು ಬೇರೆ ಗುರುತಿಸಿ. ವೈವಿಧ್ಯ ಅಳೆಯುವ ಶ್ಯಾನನ್ ಸೂಚ್ಯಂಕಕ್ಕೆ ಯಾವ ಲಾಗ್ ಬಳಸಿದಿರೆಂದೂ ಬರೆಯಿರಿ: ಸ್ವಾಭಾವಿಕ ಲಾಗ್‌ನ 2.5, ಲಾಗ್ 2ರಲ್ಲಿ 3.6 ಆಗುತ್ತದೆ.

ಪ್ರಶ್ನೆ: ಸಸ್ಯಪ್ಲವಕದ ಎಷ್ಟು ಕೋಶ ಎಣಿಸಿದರೆ ಸಾಕು?

ಉತ್ತರ: ಕೋಶಗಳು ಒಂದೇ ಕಡೆ ಗುಂಪುಗೂಡದೆ ಹರಡಿದ್ದರೆ, 400 ಎಣಿಸಿದಾಗ ದೋಷ ಸುಮಾರು ±10%, 100ಕ್ಕೆ ನಿಲ್ಲಿಸಿದರೆ ±20%. ಇದು ಪ್ರತಿ ಪ್ರಭೇದಕ್ಕೂ ಪ್ರತ್ಯೇಕ. ಒಟ್ಟು 400ರಲ್ಲಿ ನಾಲ್ಕೇ ಸಲ ಕಂಡ ಪ್ರಭೇದದ ಏರಿಳಿತದ ಮೇಲೆ ತೀರ್ಮಾನ ಕಟ್ಟಬೇಡಿ.