ನಾಲ್ಕು ಗಂಟೆಗೆ ಯಾರೋ ಕಾಯುತ್ತಿರುತ್ತಾರೆ

ಈ ಸಲ ಬಂದ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಸಿಕ್ಕಿತು. ಮನೆಯಲ್ಲೇ ಇದ್ದೇನೆ, ಹೊತ್ತು ಹೋಗುತ್ತಿಲ್ಲ, ಮಾತಿಗೆ ಯಾರೂ ಇಲ್ಲ. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಅದಕ್ಕೇ ನಾಲ್ಕು ಪತ್ರಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 66 ವರ್ಷ. ಪ್ರೈಮರಿ ಶಾಲೆ ಟೀಚರ್ ಆಗಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದು ಪಾದದ ಹತ್ತಿರ ಮೂಳೆ ಮುರಿದಿದೆ. ಆರು ವಾರ ಕಾಲು ಊರಬಾರದಂತೆ. ನಮ್ಮದು ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಮಗ, ಸೊಸೆ ಬೆಳಿಗ್ಗೆ 9ಕ್ಕೆ ಹೋದರೆ ಬರುವುದು ಸಂಜೆ 7ಕ್ಕೆ. ಮೊಬೈಲ್ ನೋಡಿ ನೋಡಿ ಕಣ್ಣು ಉರಿಯುತ್ತದೆ, ಇಟ್ಟರೆ ಅಳು ಬರುತ್ತದೆ. ಯಾರಿಗೂ ಬೇಡದವಳಾದೆ ಅನ್ನಿಸುತ್ತಿದೆ. (ಮೈಸೂರು)

ಉತ್ತರ: ಟೀಚರಮ್ಮಾ, ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ನನ್ನ ಅಮ್ಮ ನೆನಪಾದರು. ಅವರಿಗೆ ಮಂಡಿ ಆಪರೇಷನ್ ಆದಾಗ ಮೊದಲ ವಾರ ಮನೆ ತುಂಬ ಜನ. ಸೇಬು, ಮೂಸಂಬಿ, ಹಾರ್ಲಿಕ್ಸ್. ಮೂರನೇ ವಾರಕ್ಕೆ ಯಾರೂ ಇಲ್ಲ, ಫೋನೂ ಇಲ್ಲ. ಅಮ್ಮ ಸುಮ್ನೆ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ನಾವು ಟಿವಿ ಹಾಕಿಕೊಟ್ಟೆವು, ಪುಸ್ತಕ ತಂದುಕೊಟ್ಟೆವು, ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಎದುರು ಮನೆಯ ನಾಲ್ಕನೇ ಕ್ಲಾಸಿನ ಹುಡುಗಿಗೆ ಒತ್ತಕ್ಷರ ಬರುತ್ತಿಲ್ಲ ಅಂತ ಅವಳ ತಾಯಿ ಸಂಜೆ ನಾಲ್ಕು ಗಂಟೆಗೆ ಕಳಿಸಲು ಶುರು ಮಾಡಿದರು. ಎರಡನೇ ದಿನಕ್ಕೇ ನೋಡಿದೆ, ಅಮ್ಮ ಮೂರೂ ಮುಕ್ಕಾಲಿಗೆ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತಿದ್ದರು. ಆ ಹುಡುಗಿ ಒಂದು ದಿನ ಬರದಿದ್ದಾಗ ಅವರಿಗೆ ಕೋಪ ಬಂತು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಆಪರೇಷನ್ ಆದ ಮೇಲೆ ಅವರಿಗೆ ಬಂದ ಮೊದಲ ಕೋಪ ಅದು!

ಹೊತ್ತು ಕಳೆಯುವ ದಾರಿ ನಿಮಗೆ ಮೊಬೈಲಿನಲ್ಲಿ ಬೇಕಾದಷ್ಟಿದೆ. ಆದರೆ ಅಲ್ಲಿ ನಿಮಗಾಗಿ ಯಾರೂ ಕಾಯುವುದಿಲ್ಲ, ಅಲ್ವಾ? ನಿಮಗೆ ಬೇಕಿರುವುದು ನೀವು ತಪ್ಪಿಸಿದರೆ ಇನ್ನೊಬ್ಬರಿಗೆ ಗೊತ್ತಾಗುವಂಥ ಒಂದು ಕೆಲಸ. ನೀವಂತೂ ಟೀಚರ್. ಬಿಲ್ಡಿಂಗಿನಲ್ಲಿ ಕನ್ನಡ ಓದಲು ತಡವರಿಸುವ ಒಂದು ಮಗುವಾದರೂ ಇದ್ದೇ ಇರುತ್ತದೆ. ಮೇಲೆ ಬರಲು ಆಗದಿದ್ದರೆ ಫೋನಿನಲ್ಲೇ ಹದಿನೈದು ನಿಮಿಷ ಪಾಠ ಓದಿಸಿ. ಸೊಸೆಯ ಕೈಲಿ ಇವತ್ತೇ ಹೇಳಿ ಕಳಿಸಿ.

ಇನ್ನೊಂದು, ಚೌಕಾಬಾರ. ತಂಗಿ ತಿಪಟೂರಿನಲ್ಲಿದ್ದಾರೆ, ಚಿಕ್ಕಂದಿನಲ್ಲಿ ಇಬ್ಬರೂ ಆಡುತ್ತಿದ್ದೆವು ಅಂತ ಬರೆದಿದ್ದೀರಿ. ಈಗಲೂ ಆಡಬಹುದು. ಹಳೇ ಕ್ಯಾಲೆಂಡರಿನ ಹಿಂದೆ ಅಡ್ಡ ಐದು, ಉದ್ದ ಐದು ಮನೆ ಬರೆಯಿರಿ. ಅವರೂ ಅಲ್ಲಿ ಬರೆಯಲಿ. ಇಬ್ಬರ ಮಣೆಯಲ್ಲೂ ಇಬ್ಬರ ಕಾಯಿಗಳೂ ಇರಬೇಕು. ನಿಮ್ಮ ಕವಡೆ ನೀವು ಹಾಕಿ, ಅವರದ್ದು ಅವರು ಹಾಕಲಿ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಆಟ. ಬಿದ್ದಿದ್ದನ್ನು ಫೋನಿನಲ್ಲಿ ಕೂಗಿ ಹೇಳಿ ಇಬ್ಬರೂ ಕಾಯಿ ನಡೆಸಿ. ಸ್ಪೀಕರ್ ಆನ್ ಇದ್ದರೆ ಸಾಕು, ಇಂಟರ್ನೆಟ್ ಕೂಡ ಬೇಡ. ಕೇಳಿಸುವ ಕವಡೆ ಸದ್ದಿನಲ್ಲೇ ಅರ್ಧ ಸುಖ ಇದೆ. ಮತ್ತೆ ಇದು ಅವರೆಕಾಯಿ ಕಾಲ. ಒಂದು ಬೋಗುಣಿ ನೆನೆಸಿದ ಅವರೆಕಾಳು ಹಾಸಿಗೆ ಪಕ್ಕ ಇಡಿಸಿಕೊಂಡು ಹಿಚುಕಿ ಕೊಡಿ. ಸಂಜೆ ಹಿತಕಬೇಳೆ ಸಾರು ನಿಮ್ಮ ಕೈಯಿಂದಲೇ ಆಗಿದ್ದು ಅನ್ನುವುದು ಮನೆಯವರಿಗೂ ಗೊತ್ತಿರುತ್ತದೆ, ನಿಮಗೂ.

ಅಳು ಎರಡು ವಾರವಾದರೂ ನಿಲ್ಲದೆ, ನಿದ್ದೆ ಊಟ ಕೆಟ್ಟರೆ ತಡ ಮಾಡಬೇಡಿ. 14416 ಟೆಲಿ ಮಾನಸ್ ನಂಬರು, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ ನಡೆಸುವ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಹಿರಿಯರಿಗೆಂದೇ ಇರುವ ಇನ್ನೊಂದು ನಂಬರು 14567, ಅದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನನಗೆ 26. ಟಿಬಿ ಅಂತ ಗೊತ್ತಾಗಿ ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಊರಿಗೆ ಬಂದೆ. ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು. ಸಾಮಾನ್ಯ ಮಾತ್ರೆಗೇ ವಾಸಿಯಾಗುವ ಟಿಬಿ, ಕಫದ ಪರೀಕ್ಷೆ ಈಗ ನೆಗೆಟಿವ್. ಆದರೂ ಅಮ್ಮ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಊಟ ಬಾಗಿಲ ಹತ್ತಿರ ಇಟ್ಟು ಹೋಗುತ್ತಾರೆ. ಅಕ್ಕನ ಮಗನನ್ನು ಹತ್ತಿರ ಬಿಡುವುದಿಲ್ಲ. ಗೆಳೆಯರಿಗೆ ಜಾಂಡೀಸ್ ಅಂತ ಸುಳ್ಳು ಹೇಳಿದ್ದೇನೆ. ಒಂದೇ ರೂಮಿನಲ್ಲಿ ಇದ್ದು ಇದ್ದು ತಲೆ ಕೆಡುತ್ತಿದೆ. (ದಾವಣಗೆರೆ)

ಉತ್ತರ: ತಮ್ಮಾ, ಮೊದಲು ನಿನ್ನ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳು: ನಾನಿನ್ನೂ ಬೇರೆ ಇರಬೇಕಾ? ಕೇಳುವಾಗ ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೋ. ಟಿಬಿ ಹರಡುವುದು ಗಾಳಿಯಿಂದ, ಕೆಮ್ಮಿದಾಗ. ತಟ್ಟೆ, ಲೋಟ, ಬಟ್ಟೆ, ಹಾಸಿಗೆಯಿಂದ ಅಲ್ಲ. ಸರಿಯಾದ ಔಷಧಿ ಶುರುವಾಗಿ ಸುಮಾರು ಎರಡು ವಾರದಲ್ಲೇ ಹೆಚ್ಚಿನವರಲ್ಲಿ ಹರಡುವ ಭಯ ತುಂಬಾ ಕಡಿಮೆಯಾಗುತ್ತದೆ. ನೀನು ಎರಡು ತಿಂಗಳು ದಾಟಿದ್ದೀಯ, ಪರೀಕ್ಷೆಯೂ ನೆಗೆಟಿವ್ ಬಂದಿದೆ. ಈ ಮಾತು ನಿನ್ನ ಬಾಯಿಂದ ಬಂದರೆ ಅಮ್ಮ ನಂಬಲಿಕ್ಕಿಲ್ಲ, ಬಿಳಿ ಕೋಟಿನವರ ಬಾಯಿಂದ ಬಂದರೆ ನಂಬುತ್ತಾರೆ. ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಹೇಳಿದರೆ ಇನ್ನೂ ಒಳ್ಳೆಯದು.

ಅಮ್ಮನ ಮೇಲೆ ಸಿಟ್ಟಾಗಬೇಡ. ಅವರ ತಾಯಿಯ ಕಾಲದಲ್ಲಿ ಕ್ಷಯ ಅಂದರೆ ಊರಾಚೆಯ ಕ್ಷಯದ ಆಸ್ಪತ್ರೆ, ಸ್ಯಾನಿಟೋರಿಯಂ. ಮೈಸೂರು ಕಡೆಯವರಿಗೆ ಅಲ್ಲಿನ ಸ್ಯಾನಿಟೋರಿಯಂ ಪಿಕೆಟಿಬಿಯ ಹೆಸರು ಕೇಳಿದರೇ ಎದೆ ಧಸಕ್ ಅನ್ನುತ್ತಿತ್ತು. ಆ ಕಾಲವನ್ನು ಬದಲಿಸಿದ ಕೆಲಸ ನಡೆದದ್ದು ನಮ್ಮ ಪಕ್ಕದ ಮದ್ರಾಸಿನಲ್ಲೇ. 1956ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಸ್ಯಾನಿಟೋರಿಯಂನಲ್ಲಿ, ಕೆಲವರಿಗೆ ಅವರ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾದರು. ಮನೆಯವರಿಗೆ ಅದರಿಂದ ಹೆಚ್ಚಾಗಿ ಹರಡಲೂ ಇಲ್ಲ. ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ಸಾಕು ಅಂತ ಲೋಕ ಒಪ್ಪಿದ್ದು ಆಮೇಲೆ. ಇದನ್ನು ಅಮ್ಮನಿಗೆ ಕಥೆಯ ಹಾಗೆ ಹೇಳು.

ಗೆಳೆಯರ ವಿಷಯ. ಎಲ್ಲರಿಗೂ ಹೇಳಬೇಕಾಗಿಲ್ಲ, ಒಬ್ಬನಿಗೆ ನಿಜ ಹೇಳು. ಸುಳ್ಳು ಕಾಪಾಡಿಕೊಳ್ಳುವುದರಲ್ಲೇ ನೀನು ಅರ್ಧ ಒಂಟಿಯಾಗಿದ್ದೀಯ. ಆ ಒಬ್ಬ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಮಾತ್ರೆ ಆಯ್ತಾ?" ಅಂತ ಕೇಳಲಿ. ಆರು ತಿಂಗಳ ಕೋರ್ಸು, ಮೈ ಹಗುರಾಯಿತು ಅಂತ ಮಧ್ಯೆ ಬಿಟ್ಟರೆ ಕಷ್ಟ, ಹಾಗಾಗಿ ಆ ಫೋನು ಬರೀ ಮಾತಿಗಲ್ಲ. ಈ ಕಾಯಿಲೆ ಗೆದ್ದು ಬಂದು ಬೇರೆಯವರಿಗೆ ಧೈರ್ಯ ಹೇಳುವವರೂ ಇದ್ದಾರೆ, ಟಿಬಿ ಚಾಂಪಿಯನ್ ಅನ್ನುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ನಂಬರು ಸಿಗಬಹುದು. ನಿನ್ನ ಥರಾನೇ ರೂಮಿನಲ್ಲಿ ಕೂತು ಬಂದವರ ಜೊತೆ ಹತ್ತು ನಿಮಿಷ ಮಾತಾಡಿದರೆ ಆಗುವ ನೆಮ್ಮದಿಯೇ ಬೇರೆ. ಹಾಂ, ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ಖಾತೆಗೆ ಹಾಕುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಬರುತ್ತಿದೆಯಾ ನೋಡಿಕೋ. ಬೆಳಿಗ್ಗೆ ಸಂಜೆ ಟೆರೇಸಿಗೆ ಹೋಗು, ಕಿಟಕಿ ತೆಗೆದಿಡು.

ಪ್ರಶ್ನೆ: ಅತ್ತೆಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಅವರನ್ನು ಬಿಟ್ಟು ಹೊರಗೆ ಹೋಗಲು ಆಗುವುದಿಲ್ಲ. ಕಾಯಿಲೆ ಅವರಿಗೆ, ಮನೆಯಲ್ಲಿ ಕೂಡಿಹಾಕಿದ್ದು ನನ್ನನ್ನು. ವಾಟ್ಸಾಪ್ ಗ್ರೂಪಿನಲ್ಲಿ 60 ಜನ ಇದ್ದಾರೆ, ಗುಡ್ ಮಾರ್ನಿಂಗ್ ಬಿಟ್ಟರೆ ಮಾತಿಲ್ಲ. (ಗದಗ)

ಉತ್ತರ: ತಂಗೀ, ಗ್ರೂಪಿಗೆ ಹೇಳಿದ್ದು ಯಾರಿಗೂ ಹೇಳಿದ ಹಾಗಲ್ಲ. ಒಬ್ಬರಿಗೇ ಕಳಿಸು, ಅವರೇ ಉತ್ತರಿಸಬೇಕಾದ್ದನ್ನು ಕೇಳು. "ಚಿಗವ್ವಾ, ಅಜ್ಜಿ ಕರಿಂಡಿಗೆ ಏನೇನು ಹಾಕುತ್ತಿದ್ದಳು?" ಅಂತ ಬಾಯಲ್ಲೇ ಹೇಳಿ ವಾಯ್ಸ್ ಮೆಸೇಜ್ ಕಳಿಸು. ಚಿಗವ್ವ ಐದು ನಿಮಿಷ ಮಾತಾಡದಿದ್ದರೆ ಕೇಳು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ವಾರಕ್ಕೆ ಎರಡು ಗಂಟೆ ಗಂಡನೋ ನಾದಿನಿಯೋ ಅತ್ತೆಯ ಹತ್ತಿರ ಕೂರಲೇಬೇಕು, ನೀನು ಹೊರಗೆ ಹೋಗಲೇಬೇಕು. ಅದನ್ನು ಕೇಳಿಕೊಳ್ಳಬೇಡ, ವಾರ ಮತ್ತು ಹೊತ್ತು ಗೊತ್ತು ಮಾಡಿ ತಿಳಿಸಿಬಿಡು.

ಪ್ರಶ್ನೆ: ನನಗೆ 71, ಬ್ಯಾಂಕಿನಿಂದ ನಿವೃತ್ತ, ಶಿವಮೊಗ್ಗದವನು. ಹೆಂಡತಿ ತೀರಿಕೊಂಡ ಮೇಲೆ ಮಗ ಆರು ತಿಂಗಳಿಗೆ ನ್ಯೂಜೆರ್ಸಿಗೆ ಕರೆಸಿಕೊಂಡಿದ್ದಾನೆ. ಹಿಮ, ಚಳಿ, ಸಂಜೆ ಐದಾಗುವ ಮೊದಲೇ ಕತ್ತಲು. ಬೀದಿಯಲ್ಲಿ ಮನುಷ್ಯರೇ ಕಾಣುವುದಿಲ್ಲ. ಇಲ್ಲಿ ನನಗೆ ಬಿಡುವಾದಾಗ ಊರಲ್ಲಿ ಎಲ್ಲರೂ ಮಲಗಿರುತ್ತಾರೆ.

ಉತ್ತರ: ಸರ್, ಗಡಿಯಾರದಿಂದಲೇ ಶುರು ಮಾಡೋಣ. ಚಳಿಗಾಲದಲ್ಲಿ ನಮ್ಮೂರು ನಿಮಗಿಂತ ಹತ್ತೂವರೆ ಗಂಟೆ ಮುಂದೆ. ನಿಮ್ಮ ಬೆಳಿಗ್ಗೆ 8 ಅಂದರೆ ಶಿವಮೊಗ್ಗದಲ್ಲಿ ಸಂಜೆ 6:30. ನಿಮ್ಮ ವಾಕಿಂಗ್ ಗೆಳೆಯರು ಪಾರ್ಕಿನ ಬೆಂಚಿಗೆ ಬಂದು ಕೂರುವ ಹೊತ್ತು ಅದು. ಅವರಲ್ಲಿ ಒಬ್ಬರಿಗೆ ಹೇಳಿಡಿ, ನಿಮ್ಮ ಫೋನು ಬಂದಾಗ ಸ್ಪೀಕರ್ ಹಾಕಿ ಬೆಂಚಿನ ಮೇಲೆ ಇಡಲಿ. ನೀವು ಕಾಫಿ ಹಿಡಿದು ಅಲ್ಲಿ, ಅವರು ಇಲ್ಲಿ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗುತ್ತದೆ, ಆಗಿನಿಂದ ನೀವು 9ಕ್ಕೆ ಮಾಡಬೇಕು.

ನೀವೀಗ ಇರುವ ಊರಿನ ಪಬ್ಲಿಕ್ ಲೈಬ್ರರಿಗೆ ಮಗ ಒಂದು ಸಲ ಕರೆದುಕೊಂಡು ಹೋಗಲಿ. ಬೆಚ್ಚಗಿರುತ್ತದೆ, ಕೂರಲು ಯಾರೂ ಬೇಡ ಅನ್ನುವುದಿಲ್ಲ. ಎಷ್ಟೋ ಲೈಬ್ರರಿಗಳಲ್ಲಿ ಹೊಸಬರಿಗೆ ಇಂಗ್ಲಿಷ್ ಮಾತಾಡುವ ಗುಂಪುಗಳೂ ಇರುತ್ತವೆ, ಬೇರೆ ದೇಶದ ನಿಮ್ಮಂಥ ತಂದೆ ತಾಯಂದಿರು ಸಿಗುತ್ತಾರೆ. ನ್ಯೂಜೆರ್ಸಿಯಲ್ಲಿ ಬೃಂದಾವನ ಅನ್ನುವ ಕನ್ನಡ ಕೂಟ ಇದೆ. ಅಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವುದಕ್ಕೆ ಜನ ಬೇಕಾ ಅಂತ ಮಗನ ಕೈಲಿ ವಿಚಾರಿಸಿ.

ಹಗಲಿನ ಹೊತ್ತಿಗೆ ನಿಮಗೆ ಹೇಳಿ ಮಾಡಿಸಿದ ಕೆಲಸ ಒಂದಿದೆ, ಕನ್ನಡ ವಿಕಿಸೋರ್ಸ್. ಹಕ್ಕುಸ್ವಾಮ್ಯ ಮುಗಿದ ಹಳೇ ಕನ್ನಡ ಪುಸ್ತಕಗಳನ್ನು ಅಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಕಂಪ್ಯೂಟರ್ ಓದಿದ ಅಕ್ಷರ. ಕಂಪ್ಯೂಟರ್ ದೀರ್ಘ ಬಿಡುತ್ತದೆ, ಒತ್ತು ನುಂಗುತ್ತದೆ. ನೀವು ಎರಡನ್ನೂ ತಾಳೆ ನೋಡಿ ತಿದ್ದಬೇಕು. ಮೂವತ್ತು ವರ್ಷ ಲೆಡ್ಜರ್ ಟ್ಯಾಲಿ ಮಾಡಿದ ಕಣ್ಣು ನಿಮ್ಮದು, ಇದನ್ನು ನಿಮಗಿಂತ ಚೆನ್ನಾಗಿ ಮಾಡುವವರು ಯಾರು? ಒಬ್ಬರು ತಿದ್ದಿದ ಪುಟ ಹಳದಿಯಾಗುತ್ತದೆ. ಅದನ್ನು ಇನ್ನೊಬ್ಬರು ಮತ್ತೆ ಓದಿ ಸರಿ ಅಂದರೆ ಮಾತ್ರ ಹಸಿರು. ನೀವು ಎಷ್ಟೇ ಚೆನ್ನಾಗಿ ಮಾಡಿದರೂ ನಿಮ್ಮ ಪುಟವನ್ನು ನೀವೇ ಹಸಿರು ಮಾಡುವ ಹಾಗಿಲ್ಲ. ಟೈಪಿಂಗ್ ಬಾರದಿದ್ದರೆ ಮೊಮ್ಮಗಳ ಹತ್ತಿರ ಭಾನುವಾರ ಒಂದು ಗಂಟೆ ಕಲಿಯಿರಿ, ಹಾಗೇ ಅವಳಿಗೆ ಆ ಪುಟದ ಒಂದು ಸಾಲು ಓದಿಸಿ.