ದೃಷ್ಟಿ ಸರಿಯಿದ್ದರೂ ಸಾಲು ತಪ್ಪುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಓದುವಾಗ ಸಾಲು ತಪ್ಪುತ್ತಾಳೆ, ಬೆರಳಿಡದೆ ಓದಲಾರಳು, ಹಲಗೆಯ ಮೇಲಿನದನ್ನು ಬರೆದುಕೊಳ್ಳುವಾಗ ಪದಗಳನ್ನು ಬಿಡುತ್ತಾಳೆ. ಪರೀಕ್ಷೆಯಲ್ಲಿ ದೃಷ್ಟಿ 6/6 ಎಂದು ಬಂದಿದೆ. ಆದರೂ ಆಕ್ಯುಪೇಷನಲ್ ಥೆರಪಿಸ್ಟ್ (ಓದು, ಬರಹದಂಥ ದಿನನಿತ್ಯದ ಕೆಲಸಗಳಿಗೆ ನೆರವಾಗುವ ಚಿಕಿತ್ಸಕರು) ಕಣ್ಣಿನ ಚಲನೆಯನ್ನು ತಪಾಸಣೆ ಮಾಡಬೇಕೆನ್ನುತ್ತಾರೆ. ಇದು ಅಗತ್ಯವೇ?

ಉತ್ತರ: ಅಗತ್ಯವೆಂದೇ ನನ್ನ ಅಭಿಪ್ರಾಯ. 6/6 ಎಂದರೆ 6 ಮೀಟರ್ ದೂರದಲ್ಲಿರುವ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ ಎಂದಷ್ಟೇ ಅರ್ಥ. ಕಣ್ಣು ಹೇಗೆ ಚಲಿಸುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ. ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಒಂದೆಡೆ ಸುಮಾರು ಕಾಲು ಸೆಕೆಂಡು ನಿಂತು, ಮುಂದಕ್ಕೆ ನೆಗೆದು, ಮತ್ತೆ ನಿಂತು, ಸಾಲು ಮುಗಿದಾಗ ಒಂದೇ ಉದ್ದನೆಯ ನೆಗೆತದಲ್ಲಿ ಮುಂದಿನ ಸಾಲಿನ ಆರಂಭಕ್ಕೆ ಮರಳುತ್ತದೆ. ಒಂದೊಂದು ಕಣ್ಣಿನ ಆರಾರು ಸ್ನಾಯುಗಳು ಹೊಂದಿಕೊಂಡು ಮಾಡಬೇಕಾದ ಈ ಕೆಲಸದಲ್ಲಿ ಗುರಿ ತುಸು ತಪ್ಪಿದರೂ ಸಾಲು ತಪ್ಪುತ್ತದೆ.

ತಪಾಸಣೆ ಸರಳವಾದದ್ದು. ಮಗುವಿನ ಮುಖದಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಎರಡು ಸಣ್ಣ ಗುರುತುಗಳನ್ನು ಹಿಡಿದು, ಹೇಳಿದಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ನೋಟ ಬದಲಿಸಲು ಹೇಳುತ್ತಾರೆ. ನಂತರ ಒಂದೇ ಗುರುತನ್ನು ನಿಧಾನವಾಗಿ ವೃತ್ತಾಕಾರದಲ್ಲಿ ತಿರುಗಿಸುತ್ತಾರೆ. ಕೊನೆಗೆ ಅದನ್ನು ಮೂಗಿನತ್ತ ತಂದು, ಎರಡೂ ಕಣ್ಣುಗಳು ಒಟ್ಟಿಗೆ ಒಳಕ್ಕೆ ತಿರುಗುತ್ತವೆಯೇ ಎಂದು ನೋಡುತ್ತಾರೆ. ನೋಟ ಗುರಿಯನ್ನು ದಾಟುತ್ತದೆಯೇ, ಅದಕ್ಕಿಂತ ಮೊದಲೇ ನಿಲ್ಲುತ್ತದೆಯೇ ಎಂಬುದರ ಜೊತೆಗೆ, ಕಣ್ಣಿನ ಬದಲು ತಲೆಯೇ ತಿರುಗುತ್ತದೆಯೇ ಎಂಬುದನ್ನೂ ಗಮನಿಸುತ್ತಾರೆ. ಚಿಕ್ಕ ಮಕ್ಕಳು ತಲೆ ತಿರುಗಿಸುವುದು ಸಹಜ. ವಯಸ್ಸಾದಂತೆ ಅದು ಕಡಿಮೆಯಾಗಬೇಕು. (ಕಾಲು ನೆಲಕ್ಕೆ ತಾಗದ ಕುರ್ಚಿಯಲ್ಲಿ ಕೂತ ಮಗು ಮೈ ಅಲುಗಾಡಿಸಿದರೆ ತಪ್ಪು ಕಣ್ಣಿನದಲ್ಲ.)

ಅಂಕಿಗಳನ್ನು ಗಟ್ಟಿಯಾಗಿ ಓದಿಸುವ ಡಿಇಎಂ (ಡೆವಲಪ್‌ಮೆಂಟಲ್ ಐ ಮೂವ್‌ಮೆಂಟ್) ಎಂಬ ಪರೀಕ್ಷೆಯೂ ಇದೆ. ಮೇಲಿನಿಂದ ಕೆಳಕ್ಕೆ ಜೋಡಿಸಿದ 80 ಅಂಕಿಗಳಿಗೂ ಅಡ್ಡಸಾಲುಗಳಲ್ಲಿ ಎಡೆ ಬಿಟ್ಟು ಹರಡಿದ 80 ಅಂಕಿಗಳಿಗೂ ಹಿಡಿಯುವ ಸಮಯವನ್ನು ಹೋಲಿಸುತ್ತಾರೆ. ಎರಡರಲ್ಲೂ ಒಂದೇ ಪ್ರಮಾಣದಲ್ಲಿ ನಿಧಾನವಾದರೆ ಅಂಕಿಯ ಹೆಸರು ಬಾಯಿಗೆ ಬರುವುದೇ ತಡವಾಗುತ್ತಿರಬಹುದು; ಅಡ್ಡಸಾಲಿನಲ್ಲಿ ಮಾತ್ರ ಹಿಂದುಳಿದರೆ ಕಣ್ಣಿನ ಚಲನೆಯನ್ನು ಅನುಮಾನಿಸಬಹುದು.

ಅನುಮಾನ ಎಂದೇ ಹೇಳುತ್ತೇನೆ, ಏಕೆಂದರೆ ಇದು ರೋಗನಿರ್ಣಯವಲ್ಲ. ಕೊರತೆ ಕಂಡರೆ ಥೆರಪಿಸ್ಟ್ ನಿಮ್ಮನ್ನು ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಕರು) ಅಥವಾ ನೇತ್ರತಜ್ಞರ ಬಳಿಗೆ ಕಳುಹಿಸಬೇಕು. ಅಕ್ಷರ ಎರಡಾಗಿ ಕಾಣುವುದು, ಹೊಸದಾಗಿ ಮೆಳ್ಳೆಗಣ್ಣಾಗುವುದು, ಕಣ್ಣುಗುಡ್ಡೆ ತಾನಾಗಿ ಅದುರುವುದು ಕಂಡುಬಂದರೆ ತಪಾಸಣೆಗೆ ಕಾಯದೆ ನೇರವಾಗಿ ನೇತ್ರತಜ್ಞರಲ್ಲಿಗೆ ಹೋಗಿ. ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ (ಓದಲು ಕಲಿಯುವಲ್ಲಿನ ತೊಂದರೆ) ಗುಣವಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಅದು ಭಾಷೆಗೆ ಸಂಬಂಧಿಸಿದ ತೊಡಕು. ಅಂಥ ವ್ಯಾಯಾಮಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರ ಜಂಟಿ ಹೇಳಿಕೆಯಲ್ಲಿ ತಿಳಿಸಿವೆ. ಹತ್ತಿರದ ವಸ್ತುವಿನ ಮೇಲೆ ಎರಡೂ ಕಣ್ಣು ಕೂಡದ ತೊಂದರೆಗೆ ಮಾತ್ರ ತಜ್ಞರ ಉಸ್ತುವಾರಿಯ ವ್ಯಾಯಾಮ ಪ್ರಯೋಜನಕಾರಿ ಎಂಬುದಕ್ಕೆ ಒಳ್ಳೆಯ ಆಧಾರವಿದೆ.

ಫಲಿತಾಂಶ ಬರುವವರೆಗೆ ನಿಮ್ಮ ಮಗಳು ಬೆರಳಿಟ್ಟೇ ಓದಲಿ, ಬಿಡಿಸಬೇಡಿ.