ಯುರೇನಿಯಂ ಪಕ್ಕ ತಾಮ್ರ ಕೂರುವುದು ಹೇಗೆ?

ಪ್ರಶ್ನೆ: ಒಂದೇ ಹರಳಿನಲ್ಲಿ ಯುರೇನಿಯಂ, ತಾಮ್ರ ಎರಡೂ ಇರುತ್ತವಂತೆ. ಯಾವುದು ಎಲ್ಲಿ ಕೂರುತ್ತದೆ ಅನ್ನುವುದು ಹೇಗೆ ತೀರ್ಮಾನವಾಗುತ್ತದೆ?

ಉತ್ತರ: ಅದು ನಡುವಿನ ಸಾವಯವ ಅಣುವಿನ ಕೆಲಸ. ಪಿರಿಡಿನ್ ಕಾರ್ಬಾಕ್ಸಿಲೇಟ್ ಅನ್ನುವ ಅಂಥದೊಂದು ಅಣು ತೆಗೆದುಕೊಳ್ಳಿ. ಒಂದು ಕಡೆ ಆಕ್ಸಿಜನ್, ಇನ್ನೊಂದು ಕಡೆ ನೈಟ್ರೋಜನ್. ಯುರೇನಿಯಂಗೆ ಆಕ್ಸಿಜನ್ ಮೇಲೆ ಒಲವು ಜಾಸ್ತಿ. ತಾಮ್ರ ನೈಟ್ರೋಜನ್ ಹಿಡಿಯುತ್ತದೆ. ಈ ಹರಳುಗಳಲ್ಲಿ ಯುರೇನಿಯಂ ಸಾಮಾನ್ಯವಾಗಿ ಒಂಟಿಯಲ್ಲ. ಮೇಲೊಂದು, ಕೆಳಗೊಂದು ಆಕ್ಸಿಜನ್ ನೇರ ಗೆರೆಯಲ್ಲಿ ಅಂಟಿಸಿಕೊಂಡೇ ಬರುತ್ತದೆ, ಸುಮಾರು 1.8 ಆಂಗ್‌ಸ್ಟ್ರಾಮ್ ದೂರದಲ್ಲಿ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಹಾಗಾಗಿ ಬೇರೆ ಪರಮಾಣುಗಳಿಗೆ ಅದರ ಸೊಂಟದ ಸುತ್ತ ಮಾತ್ರ ಜಾಗ: 4ರಿಂದ 6 ಕೊಂಡಿ. ತಾಮ್ರ ಸೇರಿದರೆ ಯುರೇನಿಯಂನ ಹಸಿರು ಹೊಳಪು ಎಷ್ಟೋ ಸಲ ಆರಿಹೋಗುತ್ತದೆ, ಅದೊಂದು ಬೇಜಾರು. ಯಾವ ಪರಮಾಣು ಎಲ್ಲಿದೆ ಅಂತ ಹರಳಿಗೆ ಎಕ್ಸ್-ಕಿರಣ ಹಾಯಿಸಿ ನೋಡುವಾಗ ನನ್ನ ನಿಜವಾದ ತಲೆನೋವು ಹೈಡ್ರೋಜನ್. ಎಕ್ಸ್-ಕಿರಣಕ್ಕೆ ಕಾಣುವುದು ಎಲೆಕ್ಟ್ರಾನ್; 92 ಎಲೆಕ್ಟ್ರಾನಿನ ಯುರೇನಿಯಂ ಎದುರು ಒಂದೇ ಎಲೆಕ್ಟ್ರಾನಿನ ಅದು ಕಾಣಬೇಕಲ್ವಾ? ಬಹಳ ಸಲ ಅದರ ಜಾಗವನ್ನು ಲೆಕ್ಕ ಹಾಕಿಯೇ ಕೂರಿಸುತ್ತೇವೆ.